ಟವೆಲ್ ಹೊದ್ದ ಪುಟ

ಹಳೇಕಾಟಾ ವರ್ತಕರ ಕೂಟಕ್ಕೆ ಕಂಪ್ಯೂಟರು ಬರುವ ಎರಡು ದಿನ ಮೊದಲೇ ಅದನ್ನು ಯಾರೂ ಮುಟ್ಟಬಾರದೆಂಬ ನಿಯಮ ಬಂದಿತ್ತು. ಆದೋನಿಯ ಹತ್ತಿ ವ್ಯಾಪಾರಿಗಳ ಈ ಕೂಟದ ಕಚೇರಿಯಲ್ಲಿ ಒಂದು ಕೋಣೆಗೆ ಸುಣ್ಣ ಹೊಡೆಸಿ, ಕಿಟಕಿಗೆ ಕೂಲರು ಕೂರಿಸಿ, ಬಾಗಿಲಿಗೆ ಮಾವಿನ ತೋರಣ ಕಟ್ಟಿದ್ದರು. ಚಪ್ಪಲಿ ಹೊರಗೆ ಬಿಡಬೇಕೆಂದು ತೆಲುಗಿನಲ್ಲೊಮ್ಮೆ, ಕನ್ನಡದಲ್ಲೊಮ್ಮೆ ಬರೆಸಿದ್ದರು. ಒಳಗೆ ಮೇಜಿನ ಮೇಲೆ ಒಂದು ಟೀವಿ. ಅದರ ಮುಂದೆ ಪಂಚಾಂಗದ ಕಟ್ಟಿನಷ್ಟು ದಪ್ಪದ ಒಂದು ಹಲಗೆ, ಹಲಗೆಯ ತುಂಬ ಇಂಗ್ಲಿಷ್ ಅಕ್ಷರದ ಗುಂಡಿಗಳು. ಅಷ್ಟೇ ಕಂಪ್ಯೂಟರು. ಎರಡಕ್ಕೂ ಸೇರಿಸಿ ಒಂದು ಕೆಂಪು ಮಖಮಲ್ಲಿನ ಹೊದಿಕೆ.

ಅದು ಸಾವಿರದ ಒಂಬೈನೂರ ಎಂಬತ್ತಾರು. ನಾನು ಬಿ.ಎ. ಮುಗಿಸಿ ನಾಲ್ಕನೇ ವರ್ಷ. ಹೆಚ್ಚು ಮಾತಾಡುತ್ತಿರಲಿಲ್ಲ. ಕೆಲಸವಿಲ್ಲದವನ ಮೌನಕ್ಕೆ ಊರು ಎರಡೇ ಹೆಸರು ಕೊಡುತ್ತದೆ: ಸೊಕ್ಕು, ಇಲ್ಲವೇ ಕಾಯಿಲೆ. ನಾನು ಅದಕ್ಕೆ ಮೂರನೆಯ ಹೆಸರೊಂದನ್ನು ಇಟ್ಟುಕೊಂಡಿದ್ದೆ, ಆಳ ಎಂದು. ನನ್ನ ತಾಯಿ ಮಥುರಾಬಾಯಿಗೆ ಈ ಆಳದ ಮೇಲೆ ಗೌರವವಿರಲಿಲ್ಲ. "ಬಾಯಿ ಬಿಟ್ಟು ಕೇಳದವಗ ಪಂಕ್ತಿಯೊಳಗ ಹುಳಿ ಸೈತ ಬಡಸೂದಿಲ್ಲ ಪ್ರಹ್ಲಾದಾ," ಅನ್ನುತ್ತಿದ್ದಳು.

ಕೂಟದವರು ಕಂಪ್ಯೂಟರು ಕೊಂಡದ್ದು ಯಾಕೆ ಎಂದರೆ, ಕಚೇರಿಯ ಮುಂದಿನ ಅಂಗಳದಲ್ಲಿ ನಡೆಯುವ ಹತ್ತಿ ದರವನ್ನು ಬಹಿರಂಗವಾಗಿ ತೋರಿಸಿರಿ ಎಂದು ಕರ್ನೂಲಿನ ಮಾರುಕಟ್ಟೆ ಅಧಿಕಾರಿಯಿಂದ ಕಾಗದ ಬಂದಿತ್ತು. ಒಂದು ಕಪ್ಪು ಹಲಗೆ, ಒಂದು ತುಂಡು ಸೀಮೆಸುಣ್ಣ ಸಾಕಾಗುತ್ತಿತ್ತು. ಆದರೆ ಹಲಗೆಯ ಮೇಲೆ ಬರೆದರೆ ರೈತ ಓದಿಬಿಡುತ್ತಾನೆ. ಕಂಪ್ಯೂಟರಿನಲ್ಲಾದರೆ ದರವು ಇಂಗ್ಲಿಷಿನಲ್ಲಿ, ಕೋಣೆಯ ಒಳಗೆ, ಮಖಮಲ್ಲಿನ ಕೆಳಗೆ ಬಹಿರಂಗವಾಗಿರುತ್ತದೆ.

ಇದನ್ನು ತಿಳಿಯಬೇಕಾದರೆ ಆ ಅಂಗಳದ ಪದ್ಧತಿಯನ್ನು ಹೇಳಬೇಕು. ಅಲ್ಲಿ ದರವನ್ನು ಬಾಯಲ್ಲಿ ಆಡುವಂತಿಲ್ಲ. ವ್ಯಾಪಾರಿ ತನ್ನ ಹೆಗಲ ಟವೆಲ್ಲನ್ನು ತೆಗೆದು ತನ್ನ ಕೈಯ ಮೇಲೂ ರೈತನ ಕೈಯ ಮೇಲೂ ಹೊದಿಸುತ್ತಾನೆ. ಕೆಳಗೆ ಬೆರಳುಗಳನ್ನು ಹಿಡಿದು ಒತ್ತುತ್ತಾನೆ. ಎಷ್ಟು ಬೆರಳೋ ಕ್ವಿಂಟಾಲಿಗೆ ಅಷ್ಟು ಹತ್ತು, ಅಷ್ಟು ನೂರು. ರೈತ ತಲೆಯಾಡಿಸಿದರೆ ವ್ಯಾಪಾರ, ಇಲ್ಲದಿದ್ದರೆ ಕೈ ಬಿಡಿಸಿಕೊಂಡು ಮುಂದಿನ ಟವೆಲ್ಲಿಗೆ ಹೋಗಬೇಕು. ಪಕ್ಕದ ಗಾಡಿಯವನಿಗೆ ಏನು ದರ ಸಿಕ್ಕಿತೆಂದು ಈ ಗಾಡಿಯವನಿಗೆ ಗೊತ್ತಾಗುವುದಿಲ್ಲ. ಇಡೀ ಅಂಗಳದಲ್ಲಿ ನೂರು ಜನ ಕೈ ಹಿಡಿದುಕೊಂಡು ಸುಮ್ಮನೆ ನಿಂತಿರುತ್ತಿದ್ದರು. ಆ ನಿಶ್ಶಬ್ದವನ್ನು ನೋಡಲೆಂದೇ ನಾನು ಎಷ್ಟೋ ಸಲ ಅಲ್ಲಿಗೆ ಹೋಗುತ್ತಿದ್ದೆ. ಬಹಳ ಸುಂದರವಾಗಿದೆ ಎಂದುಕೊಳ್ಳುತ್ತಿದ್ದೆ. ಹತ್ತಿ ನನ್ನದಾಗಿರಲಿಲ್ಲ.

ಕೂಟದ ಅಧ್ಯಕ್ಷರು ಮರಿಬಸಪ್ಪ. ಮೂರು ತಿಂಗಳು ಆರು ಜನರಿಗೆ ಪಾಠ ಹೇಳಿಸುವುದು, ಆಮೇಲೆ ಕರ್ನೂಲಿನ ಅಧಿಕಾರಿಯನ್ನು ಕರೆಸಿ ಉದ್ಘಾಟನೆ, ಆ ದಿನ ಯಾರ ಪುಟ ಟೀವಿಯ ಮೇಲೆ ಮೆಚ್ಚುಗೆಯಾಗುತ್ತದೋ ಅವರಿಗೆ ಆಪರೇಟರ್ ಕುರ್ಚಿ ಎಂದು ಅವರು ಸಾರಿದರು. ಕುರ್ಚಿ ಒಂದೇ. ಆರು ಜನ.

ಪಾಠ ಹೇಳಲು ಗೊತ್ತುಮಾಡಿದ್ದು ಸೇತುಮಾಧವ ಮೇಷ್ಟ್ರನ್ನು. ಅವರದು ಟೈಪಿಂಗ್ ಶಾಲೆ. ಮದರಾಸಿಗೆ ಹೋಗಿ ಹನ್ನೊಂದು ದಿನ ಕಂಪ್ಯೂಟರು ಕಲಿತು ಬಂದಿದ್ದರು. ಹನ್ನೊಂದು ದಿನದಲ್ಲಿ ಎರಡು ಏಕಾದಶಿ ಬಂದವೆಂದೂ, ಎರಡೂ ದಿನ ನಿರಾಹಾರ ಇದ್ದೇ ಕಲಿತೆನೆಂದೂ ಹೇಳುತ್ತಿದ್ದರು. ಹನ್ನೊಂದು ದಿನದಲ್ಲಿ ಎರಡು ಏಕಾದಶಿ ಹೇಗೆ ಬರುತ್ತವೆಂದು ಯಾರೂ ಕೇಳಲಿಲ್ಲ. ಕಂಪ್ಯೂಟರು ಕಲಿತವರಿಗೆ ಲೆಕ್ಕ ಹೇಳಿಕೊಡಲು ನಾವು ಯಾರು?

"ಮದಲ ಅಧಿಕಾರ ಬರಬೇಕು, ಆಮ್ಯಾಲ ಸ್ಪರ್ಶ," ಅಂದರು ಮೇಷ್ಟ್ರು ಮೊದಲ ದಿನ. "ಈಗ ಕಣ್ಣಿಂದ ನೋಡ್ರಿ, ಬಾಯಿಂದ ಹೇಳ್ರಿ. ಬಾಯಿಪಾಠ ಆಗದ ವಿದ್ಯಾ ವಿದ್ಯಾನ ಅಲ್ಲ."

ಹೀಗೆ ನಾವು ಬಾಯಿಪಾಠ ಮಾಡಿದೆವು. ಯಂತ್ರಕ್ಕೆ ಕೊಡುವ ಅಪ್ಪಣೆಗಳಿಗೆ ಸಾಲಿನ ಸಂಖ್ಯೆ ಇರುತ್ತಿತ್ತು: ಹತ್ತು, ಇಪ್ಪತ್ತು, ಮೂವತ್ತು. ಮೇಷ್ಟ್ರು ಮೊದಲು ಹೇಳುವುದು, ನಾವು ಎರಡು ಸಲ ಹೇಳುವುದು. "ಹತ್ತು ಪ್ರಿಂಟ್." ಹತ್ತು ಪ್ರಿಂಟ್, ಹತ್ತು ಪ್ರಿಂಟ್. "ಇಪ್ಪತ್ತು ಇನ್‌ಪುಟ್." ಇಪ್ಪತ್ತು ಇನ್‌ಪುಟ್, ಇಪ್ಪತ್ತು ಇನ್‌ಪುಟ್. ಸ್ವರ ತಪ್ಪಿದರೆ ಮೇಜಿನ ಮೇಲೆ ಅಡಿಕೋಲು ಬೀಳುತ್ತಿತ್ತು. ಹೊರಗೆ ಹತ್ತಿ ಗಾಡಿಯವರು ಯಾವುದೋ ಹೋಮ ನಡೆದಿದೆಯೆಂದು ಕೈ ಮುಗಿದು ಹೋಗುತ್ತಿದ್ದರು. ಮಖಮಲ್ಲು ಸರಿಯುತ್ತಿದ್ದುದು ವಾರಕ್ಕೊಮ್ಮೆ, ಗುರುವಾರ. ಆಗಲೂ ಗುಂಡಿ ಒತ್ತುವವರು ಮೇಷ್ಟ್ರೊಬ್ಬರೇ.

"ಪ್ರಿಂಟ್ ಅಂದರ ಅದು ನಮಗ ಹೇಳೂದು. ಇನ್‌ಪುಟ್ ಅಂದರ ಅದು ನಮ್ಮನ್ನ ಕೇಳೂದು. ಗೋಟು ಅಂದರ ಹೋಗು. ತಿರುಗಿ ಅಲ್ಲಿಗೇ ಹೋದರ ಅದಕ್ಕ ಲೂಪು ಅಂತಾರ. ಲೂಪು ಅಂದರ ಪ್ರದಕ್ಷಿಣಿ."

"ಎಷ್ಟು ಪ್ರದಕ್ಷಿಣಿರಿ ಸಾರ್?" ಬಜಾರಪ್ಪ ಕೇಳಿದ. ಇವನು ಒಬ್ಬ ವ್ಯಾಪಾರಿಯ ಅಳಿಯ. ಕೂಲರಿನ ಗಾಳಿಗಾಗಿಯೇ ತರಗತಿಗೆ ಬರುತ್ತಿದ್ದ.

"ನೂರಾ ಎಂಟು," ಅಂದರು ಮೇಷ್ಟ್ರು, ಒಂದು ಕ್ಷಣವೂ ಯೋಚಿಸದೆ.

ಇನ್ನೊಂದು ದಿನ ಅವರೇ ಪ್ರಶ್ನೆ ಕೇಳಿದರು. ಸಾಲುಗಳಿಗೆ ಒಂದು, ಎರಡು, ಮೂರು ಅನ್ನದೆ ಹತ್ತು, ಇಪ್ಪತ್ತು, ಮೂವತ್ತು ಎಂದು ಯಾಕೆ ಸಂಖ್ಯೆ ಕೊಡುತ್ತಾರೆ? ನಾನು ನನ್ನ ಆಳದಲ್ಲಿದ್ದೆ. ಮೇಷ್ಟ್ರು ತಾವೇ ಹೇಳಿದರು, "ಹತ್ತು ಪೂರ್ಣ ಸಂಖ್ಯಾ. ಅವತಾರ ಎಷ್ಟು? ಹತ್ತು. ದಿಕ್ಕು ಎಷ್ಟು? ಹತ್ತು."

"ಅದಲ್ಲ ಬಿಡ್ರಿ ಸಾರ್," ಎಂಬ ದನಿ ಹಿಂದಿನ ಬೆಂಚಿನಿಂದ ಬಂತು.

ಅದು ಮಹಾಂತಮ್ಮ. ಎಮ್ಮಿಗನೂರಿನ ನೇಕಾರ ಮಲ್ಲಯ್ಯನ ಮಗಳು. ಇಂಟರ್ ಪಾಸಾಗಿದ್ದಳು, ದಿನಾ ಬಸ್ಸಿನಲ್ಲಿ ಬಂದು ಹೋಗುತ್ತಿದ್ದಳು. ಆರು ಜನ ಆಗದೆ ತರಗತಿ ಶುರುಮಾಡುವಂತಿಲ್ಲ, ಐದೇ ಜನ ಸಿಕ್ಕಿದ್ದರು, ಅದಕ್ಕೇ ಅವಳನ್ನು ಸೇರಿಸಿಕೊಂಡಿದ್ದರು. ಈ ಸಂಗತಿಯನ್ನು ಮೇಷ್ಟ್ರು ಆಗಾಗ ಅವಳಿಗೇ ನೆನಪಿಸುತ್ತಿದ್ದರು.

"ಮತ್ತೇನು? ಹೇಳವಾ, ನೀನ ಹೇಳು," ಅಂದರು.

"ನಡುವ ಜಾಗ ಬೇಕಲ್ರೀ. ಹತ್ತು ಬರ್ದಿವಿ, ಇಪ್ಪತ್ತು ಬರ್ದಿವಿ, ಆಮ್ಯಾಲ ಏನೋ ಬಿಟ್ಟಿವಿ ಅಂತ ನೆಪ್ಪಾತು ಅಂದ್ರ ಹದಿನೈದು ಅಂತ ಸೇರ್ಸಬೌದು. ಒಂಬತ್ತು ಸಾಲು ಖಾಲಿ ಅದಾವ. ತಪ್ಪು ಮಾಡಿದವರಿಗೇ ಅಂತ ಬಿಟ್ಟ ಜಾಗ ಅದು."

ಮೇಷ್ಟ್ರು ಅಡಿಕೋಲನ್ನು ನೋಡಿದರು, ಆಮೇಲೆ ನನ್ನನ್ನು ನೋಡಿದರು. "ನಾ ಹೇಳಿದ್ದೂ ಅದ. ಪೂರ್ಣದೊಳಗ ಎಲ್ಲಾ ಬಂತು," ಅಂದರು.

ಎರಡನೇ ತಿಂಗಳು ಪುಟ ಕಟ್ಟುವ ಪಾಠ. ಪರದೆಯ ಮೇಲೆ ಅಡ್ಡಕ್ಕೆ ನಲವತ್ತು ಅಕ್ಷರ, ಕೆಳಕ್ಕೆ ಇಪ್ಪತ್ತನಾಲ್ಕು ಸಾಲು ಹಿಡಿಯುತ್ತಿತ್ತು. ಒಮ್ಮೆಗೆ ಕಾಣುವ ಅಷ್ಟಕ್ಕೇ ಪುಟ ಎಂದು ಹೆಸರು. ಚೌಕುಳಿ ಕಾಗದದ ಮೇಲೆ ಮೊದಲು ಬರೆದುಕೊಂಡು ಯಾವ ಚೌಕದಲ್ಲಿ ಯಾವ ಅಕ್ಷರ ಎಂದು ಗುರುತು ಮಾಡಬೇಕು. ಆಮೇಲೆ ಅದನ್ನು ಅಪ್ಪಣೆಗಳಾಗಿ ಬದಲಿಸಬೇಕು. ನಮ್ಮ ಐವರಿಗೆ ಈ ಕಾಗದ ಹೊಸದು. ಮಹಾಂತಮ್ಮ ಮಾತ್ರ ಅದನ್ನು ನೋಡಿ ನಕ್ಕಳು. ಹತ್ತನೇ ವರ್ಷದಿಂದ ಅವಳು ಅಪ್ಪನ ಮಗ್ಗಕ್ಕೆ ಅಂಚಿನ ಚಿತ್ತಾರಗಳನ್ನು ಚೌಕುಳಿ ಕಾಗದದ ಮೇಲೆಯೇ ಬರೆದುಕೊಡುತ್ತಿದ್ದಳಂತೆ. ಒಂದು ಚೌಕ ತುಂಬಿದರೆ ಎಳೆ ಮೇಲೆ, ಖಾಲಿ ಬಿಟ್ಟರೆ ಎಳೆ ಕೆಳಗೆ.

"ಇದೂ ನೇಯೋದ. ಆದ್ರ ತಪ್ಪಾದ್ರ ಬಿಚ್ಚೋದು ಸಲೀಸು," ಅಂದಳು.

ಐವರೂ ಪುಟವನ್ನು ಲಗ್ನಪತ್ರಿಕೆಯ ಹಾಗೆ ಕಟ್ಟಿದೆವು. ಹಾಗಲ್ಲದೆ ಬೇರೆ ಯಾವ ಪುಟವನ್ನು ನಾವು ನೋಡಿದ್ದೆವು? ಎಲ್ಲರಿಗಿಂತ ನನ್ನದು ಸೊಗಸಾಗಿತ್ತು ಎಂದು ಈಗಲೂ ಹೇಳಬಲ್ಲೆ. ಮೊದಲ ಸಾಲಿನಲ್ಲಿ ಎಡಕ್ಕೆ ಕೂಟದವರ ದೇವರು ಪ್ರಸನ್ನ, ಬಲಕ್ಕೆ ಮೇಷ್ಟ್ರ ದೇವರು ಪ್ರಸನ್ನ. ಕೆಳಗೆ ಅಧ್ಯಕ್ಷರು ಮರಿಬಸಪ್ಪ, ಅವರ ಹೆಸರಿನ ಎರಡೂ ಕಡೆ ಮೂರು ಮೂರು ಚುಕ್ಕಿ. ಆಮೇಲೆ ವ್ಯಾಪಾರಿಗಳು. ಅಧ್ಯಕ್ಷರನ್ನು ಬಿಟ್ಟು ಅವರು ಮೂವತ್ತೊಂದು ಜನ, ಸಾಲುಗಳು ಇಪ್ಪತ್ತನಾಲ್ಕೇ. ಎರಡು ಕಾಲಮ್ಮು ಮಾಡಿದೆ. ಎಡಗಡೆಯವರು ಹೆಚ್ಚೋ ಬಲಗಡೆಯವರು ಹೆಚ್ಚೋ ಎಂಬ ಜಗಳ ಬರಬಾರದೆಂದು ಮನೆಮನೆಗೆ ಹೋಗಿ ಕೇಳಿ ಬಂದೆ. ಒಂಬತ್ತು ದಿನ ಹಿಡಿಯಿತು. ಕಟ್ಟಕಡೆಯ ಸಾಲಿನಲ್ಲಿ ಒಂದಿಷ್ಟು ಜಾಗ ಮಿಕ್ಕಿತು. ಅಲ್ಲಿ ಇಂಗ್ಲಿಷಿನಲ್ಲಿ, ದರಕ್ಕಾಗಿ ಕಚೇರಿಯಲ್ಲಿ ವಿಚಾರಿಸಿರಿ ಎಂದು ಬರೆದೆ.

ಮಹಾಂತಮ್ಮ ನನ್ನ ಕಾಗದವನ್ನು ಬಹಳ ಹೊತ್ತು ನೋಡಿದಳು. "ಚೆಂದೈತಿ ಪ್ರಹ್ಲಾದಣ್ಣ. ಮದುವಿ ಯಾರದು?"

"ದೊಡ್ಡವರ ಹೆಸರು ಬೇಕಾಗ್ತದ," ಅಂದೆ.

"ಬಿಸಲಾಗ ಗಾಡಿ ಹೊಡ್ಕಂಡು ಬಂದವ ಏನ್ ಹುಡುಕ್ತಾನ? ಅಧ್ಯಕ್ಷರ ಹೆಸರಾ? ಅವನಿಗೆ ಬೇಕಾದ್ದು ಮ್ಯಾಲ ಇರಬೇಕು. ದೊಡ್ಡದಿರಬೇಕು. ಓದಾಕ ಬರದವಗೂ ತಿಳೀಬೇಕು. ಇಷ್ಟ ಅಲ್ಲೇನು ಪುಟ ಅಂದ್ರ?"

ಅವಳ ಪುಟದಲ್ಲಿ ಒಂದು ಹೆಸರೂ ಇರಲಿಲ್ಲ. ಯಂತ್ರ ಮೊದಲು ಒಂದು ಪ್ರಶ್ನೆ ಕೇಳುತ್ತಿತ್ತು: ಇವತ್ತಿನ ದರ? ಯಾರಾದರೂ ಅಂಕಿ ಒತ್ತಿದರೆ ಅದೇ ಅಂಕಿ ಪರದೆಯ ತುಂಬ ಮೂಡುತ್ತಿತ್ತು. ಒಂದೊಂದು ಅಂಕಿಯನ್ನೂ ಅವಳು ಚೌಕಗಳಿಂದ ನೇಯ್ದಿದ್ದಳು. ಗೇಣೆತ್ತರದ ಅಂಕಿಗಳು, ಸುತ್ತ ಸಣ್ಣದೊಂದು ಅಂಚು. ಅಂಗಳದ ಆಚೆಯ ಬೇವಿನ ಮರದ ಕೆಳಗೆ ನಿಂತವನಿಗೂ ಕಾಣುವಷ್ಟು ದೊಡ್ಡವು.

ಈ ಕುರ್ಚಿ ಅವಳಿಗೆ ಎಷ್ಟು ಬೇಕಾಗಿತ್ತೆಂದು ನನಗೆ ಗೊತ್ತಿತ್ತು. ಒಂದು ದಿನ ಬಸ್ ಸ್ಟ್ಯಾಂಡಿನಲ್ಲಿ ತಾನಾಗಿ ಹೇಳಿದ್ದಳು. ಈ ಕೆಲಸ ಸಿಗದಿದ್ದರೆ ಶ್ರಾವಣದಲ್ಲಿ ಸಿ. ಬೆಳಗಲ್ ಊರಿನ ಸೋದರಮಾವನ ಜೊತೆ ಮದುವೆ. ಮಾವನಿಗೆ ಮೊದಲ ಹೆಂಡತಿಯ ಎರಡು ಮಕ್ಕಳಿವೆ. "ಕುರ್ಚಿ ಸಿಕ್ರ ಅಪ್ಪ ಈ ಮದುವಿ ಬ್ಯಾಡ ಅಂತಾನ. ಮಾತು ಕೊಟ್ಟಾನ," ಅಂದಿದ್ದಳು. ನನಗೂ ಆ ಕುರ್ಚಿ ಬೇಕಾಗಿತ್ತು. ಆದರೆ ಸಿಗದಿದ್ದರೆ ನನ್ನನ್ನು ಯಾರೂ ಬೆಳಗಲ್‌ಗೆ ಕಳಿಸುತ್ತಿರಲಿಲ್ಲ.

ಉದ್ಘಾಟನೆಯ ದಿನ ಬೆಳಿಗ್ಗೆಯೇ ಅಂಗಳ ತುಂಬಿತ್ತು. ಕೋಣೆಯಲ್ಲಿ ಇಪ್ಪತ್ತು ಜನರಿಗಿಂತ ಹೆಚ್ಚು ಹಿಡಿಯುವುದಿಲ್ಲವೆಂದು ಟೀವಿ ಮೆಕ್ಯಾನಿಕ್ ಮೌಲಾಲಿ ಯಂತ್ರವನ್ನು ವರಾಂಡಕ್ಕೆ ತಂದು, ಪರದೆಯನ್ನು ಅಂಗಳದ ಕಡೆಗೆ ತಿರುಗಿಸಿ ಕೂರಿಸಿದ್ದ. ಇದನ್ನು ಅವನು ಯಾರನ್ನೂ ಕೇಳಿ ಮಾಡಿರಲಿಲ್ಲ. "ಟೀವಿ ಅಂದ್ರ ಜನಕ್ಕ ಕಾಣಂಗ ಇಡೋದಲ್ರೀ? ಇಲ್ಲಾಂದ್ರ ರೇಡಿಯೋನ ತರ್ತಿದ್ರಿ," ಅಂದ. ಗಾಡಿ ತಂದ ರೈತರು ಸುಮ್ಮನೆ ಬಂದು ಮುಂದೆ ಕೂತರು.

ಗುಂಡಿ ಒತ್ತುವವರು ಯಾರೆಂಬ ಪ್ರಶ್ನೆ ಬಂತು. ಅವರವರ ಪುಟವನ್ನು ಅವರವರೇ ತೋರಿಸಲಿ ಎಂದು ಮೌಲಾಲಿ ಅಂದ. ಮೇಷ್ಟ್ರು ಒಪ್ಪಲಿಲ್ಲ. "ಮದಲನೇ ಸ್ಪರ್ಶ. ಶುಭ ಮುಹೂರ್ತ. ಪ್ರಹ್ಲಾದ ಕೂಡ್ಲಿ. ಪಂಚಾಂಗದವರ ಮೊಮ್ಮಗ, ಸ್ನಾನ ಮಾಡಿ ಬಂದಾನ." ಹೀಗೆ ಸ್ನಾನದ ಬಲದಿಂದ ನಾನು ಯಂತ್ರದ ಮುಂದೆ ಕೂತೆ. ಮೂರು ತಿಂಗಳ ಪಾಠದ ನಂತರ ಅದೇ ಮೊದಲ ಸಲ ಗುಂಡಿ ಮುಟ್ಟಿದ್ದು. ಅದು ನಾನು ಅಂದುಕೊಂಡಷ್ಟು ತಣ್ಣಗಿರಲಿಲ್ಲ.

ಮೊದಲು ನನ್ನ ಪುಟ. ಮೌಲಾಲಿ ಟೇಪ್ ರಿಕಾರ್ಡರಿನಲ್ಲಿ ಕ್ಯಾಸೆಟ್ಟು ಹಾಕಿದ. ಆ ಕಾಲದಲ್ಲಿ ಪುಟ ಕ್ಯಾಸೆಟ್ಟಿನಿಂದಲೇ ಯಂತ್ರದೊಳಕ್ಕೆ ಹೋಗಬೇಕಿತ್ತು; ನಮ್ಮ ಕಾಗದಗಳನ್ನು ನೋಡಿ ಗುಂಡಿ ಒತ್ತಿ ಅದರಲ್ಲಿ ತುಂಬಿಟ್ಟಿದ್ದವರು ಮೇಷ್ಟ್ರೇ. ಹಂದಿ ಕೊಯ್ದ ಹಾಗೆ ನಾಲ್ಕು ನಿಮಿಷ ಕಿರುಚಿತು. ರೈತರು ಕಿವಿ ಮುಚ್ಚಿಕೊಂಡರು. ಆಮೇಲೆ ಹೆಸರುಗಳು ಒಂದೊಂದಾಗಿ ಮೂಡಿದವು. ತಮ್ಮ ಹೆಸರು ಬಂದಾಗ ಒಬ್ಬೊಬ್ಬ ವ್ಯಾಪಾರಿಯೂ ಪಕ್ಕದವನ ಕಡೆ ತಿರುಗಿ, ತಾನು ನೋಡಲೇ ಇಲ್ಲ ಎಂಬಂತೆ ಮಾತಾಡತೊಡಗಿದ. ಚಪ್ಪಾಳೆ ಬಿತ್ತು. ಕರ್ನೂಲಿನ ಅಧಿಕಾರಿ ಎಳನೀರು ಕುಡಿದು ಮುಗಿಸಿ ತೆಲುಗಿನಲ್ಲಿ ಕೇಳಿದರು:

"ಬಾಗುಂದಿ. ರೇಟು ಎಕ್ಕಡ?"

ಚೆನ್ನಾಗಿದೆ, ದರ ಎಲ್ಲಿ? ಮೇಷ್ಟ್ರು ಕಡೆಯ ಸಾಲು ತೋರಿಸಿದರು. ಅಧಿಕಾರಿ ಬಗ್ಗಿ ಓದಿದರು. "ಕಚೇರಿಯಲ್ಲಿ ವಿಚಾರಿಸುತ್ತಿದ್ದೇನಲ್ಲ. ಕಚೇರಿಯಲ್ಲೇ ಇದ್ದೇನೆ. ಹೇಳಿ," ಎಂದು ನಕ್ಕರು.

ಉಳಿದ ನಾಲ್ವರ ಪುಟಗಳಲ್ಲೂ ಇದೇ ಮೂವತ್ತೊಂದು ಹೆಸರು. ದರವಿದ್ದ ಪುಟ ಒಂದೇ. ಮೇಷ್ಟ್ರು ಬೇರೆ ದಾರಿ ಕಾಣದೆ ಮೌಲಾಲಿಗೆ ಸನ್ನೆ ಮಾಡಿದರು. ಕ್ಯಾಸೆಟ್ಟು ಮತ್ತೆ ಕಿರುಚಿತು. ಮಹಾಂತಮ್ಮ ಕಂಬದ ಪಕ್ಕ ನಿಂತಿದ್ದಳು. ಪರದೆ ಕಪ್ಪಾಯಿತು, ನಡುವೆ ಪ್ರಶ್ನೆ ಬಂತು. ಇವತ್ತಿನ ದರ? ಪಕ್ಕದಲ್ಲಿ ಒಂದು ಬಿಳಿ ಚೌಕ ಮಿಣುಕುತ್ತ ನಿಂತಿತು.

ಆ ಅಂಗಳದಲ್ಲಿ ಎಷ್ಟೋ ಮೌನಗಳನ್ನು ಕಂಡಿದ್ದೆ. ಇದು ಬೇರೆ. ಯಂತ್ರ ಕೇಳುತ್ತಿತ್ತು, ಕಾಯುತ್ತಿತ್ತು. ಅದಕ್ಕೆ ಅವಸರವಿರಲಿಲ್ಲ, ಮುಲಾಜೂ ಇರಲಿಲ್ಲ. ಮೂವತ್ತೊಂದು ವ್ಯಾಪಾರಿಗಳು ಆಕಾಶ ನೋಡಿದರು. ಮುನ್ನೂರು ರೈತರು ಮಿಣುಕುವ ಚೌಕವನ್ನು ನೋಡಿದರು.

"ಚೆಪ್ಪಂಡಿ, ಈರೋಜು ರೇಟೆಂತ?" ಹೇಳಿ, ಇವತ್ತಿನ ದರವೆಷ್ಟು ಎಂದು ಅಧಿಕಾರಿ ಮರಿಬಸಪ್ಪನವರ ಕಡೆ ತಿರುಗಿದರು.

ಮರಿಬಸಪ್ಪ ಎದ್ದರು. ಐವತ್ತು ವರ್ಷ ಆ ಅಂಗಳದಲ್ಲಿದ್ದು ದರವನ್ನು ಒಮ್ಮೆಯೂ ನಾಲಿಗೆಯ ಮೇಲೆ ತಂದವರಲ್ಲ. ಈಗಲೂ ತರಲಿಲ್ಲ. ನಗುತ್ತ ನನ್ನ ಹತ್ತಿರ ಬಂದರು, ಹೆಗಲ ಮೇಲಿನ ಟವೆಲ್ಲು ತೆಗೆದರು, ನನ್ನ ಬಲಗೈಯ ಮೇಲೆ ಹೊದಿಸಿದರು.

ಕಂಪ್ಯೂಟರಿಗೆ ದರ ಹೇಳಲು ಅವರಿಗೆ ಗೊತ್ತಿದ್ದ ದಾರಿ ಅದೊಂದೇ.

ಟವೆಲ್ಲಿನ ಕೆಳಗೆ ಅವರ ಕೈ ಬೆಚ್ಚಗಿತ್ತು, ಒರಟಾಗಿತ್ತು. ಮೊದಲು ನನ್ನ ಐದೂ ಬೆರಳು ಸೇರಿಸಿ ಒತ್ತಿದರು. ಆಮೇಲೆ ಹೆಬ್ಬೆರಳು ಬಿಟ್ಟು ನಾಲ್ಕನ್ನು ಒತ್ತಿದರು. ಟವೆಲ್ಲು ಹೆಗಲಿಗೆ ಹೋಯಿತು. ಐದು, ನಾಲ್ಕು. ನಾನು ಐದು ಒತ್ತಿದೆ, ನಾಲ್ಕು ಒತ್ತಿದೆ, ಸೊನ್ನೆ ಒತ್ತಿದೆ.

ಪರದೆಯ ತುಂಬ, ಗೇಣೆತ್ತರ, ಅಂಚಿನ ಸಮೇತ ಐನೂರ ನಲವತ್ತು ಬಂದು ನಿಂತಿತು.

ಆ ಅಂಗಳದಲ್ಲಿ ಸಣ್ಣ ಅಂಕಿಯನ್ನು ಮೊದಲು ಹೇಳುತ್ತಾರೆ. ನೂರರ ಲೆಕ್ಕ ಎಲ್ಲರಿಗೂ ಗೊತ್ತಿರುವುದರಿಂದ ಅದನ್ನು ಕಡೆಗೆ ಮುದ್ರೆಯ ಹಾಗೆ ಒತ್ತುತ್ತಾರೆ. ಮರಿಬಸಪ್ಪ ಒತ್ತಿದ್ದು ಐವತ್ತು, ಮೇಲೆ ನಾನೂರು. ಇದು ನನಗೆ ಗೊತ್ತಿರಲಿಲ್ಲವೆಂದು ಹೇಳುವಂತೆಯೂ ಇಲ್ಲ. ಪಂಚಾಂಗ ಬರೆಯುತ್ತಿದ್ದ ನನ್ನ ಅಜ್ಜ, ಹಳೆಯವರು ಅಂಕಿಗಳನ್ನು ಬಲದಿಂದ ಎಡಕ್ಕೆ ಹೇಳುತ್ತಾರೆಂದು ಮೊಣಕಾಲ ಮೇಲೆ ಕೂರಿಸಿಕೊಂಡು ಕಲಿಸಿದ್ದರು. ಜೀವಮಾನದಲ್ಲಿ ಒಮ್ಮೆ ಆ ವಿದ್ಯೆ ಬೇಕಾಯಿತು. ಆಗ ನನಗೆ ಬಿ.ಎ. ಮಾತ್ರ ನೆನಪಿತ್ತು.

ಚಿಪ್ಪಗಿರಿಯಿಂದ ಗಾಡಿ ತಂದಿದ್ದ ಯರ್ರೆಪ್ಪ ಎಂಬ ರೈತ ಎದ್ದು ನಿಂತ. ಅವನಿಗೆ ಅಕ್ಷರ ಬರುತ್ತಿರಲಿಲ್ಲ, ಅಂಕಿ ಬರುತ್ತಿತ್ತು.

"ಐನೂರ ನಲವತ್ತು! ಏನ್ರಪ್ಪೋ, ಮುಂಜಾನಿ ನನ್ನ ಕೈಯಾಗ ಒತ್ತಿದ್ದು ನಾನೂರ ಐವತ್ತು!"

"ನನಗ ನಾನೂರ ಮೂವತ್ತು," ಅಂದ ಪಕ್ಕದವನು.

"ನಾನೂರ ಮೂವತ್ತಾ? ನಿಂದೂ ನಂದೂ ಒಂದ ಹೊಲದ ಹತ್ತಿ ಅಲ್ಲೇನಲೇ?"

"ನನಗ ಹತ್ತು! ನಾನೂರ ಹತ್ತು! ಥೂ, ಕೈ ಹಿಡ್ದು ಅಣ್ಣ ತಮ್ಮಾ ಅಂದಿದ್ದು ಇದಕ್ಕನು?"

ದರಗಳು ಹಕ್ಕಿಗಳಂತೆ ಬಾಯಿಂದ ಬಾಯಿಗೆ ಹಾರತೊಡಗಿದವು. ಮರಿಬಸಪ್ಪ ಮತ್ತೆ ಟವೆಲ್ಲು ತೆಗೆದರು. ಈ ಸಲ ಟೀವಿಗೆ ಹೊದಿಸಿದರು. "ಮಿಶನ್ ತಪ್ಪು ಹೇಳೈತಿ! ಕೂಡ್ರಿ, ಎಲ್ಲಾರೂ ಕೂಡ್ರಿ!"

"ಯಂತ್ರ ತಪ್ಪು ಹೇಳುತ್ತದೆಯೇ?" ಎಂದರು ಅಧಿಕಾರಿ.

"ಯಂತ್ರ ಅಲ್ಲ ಸಾರ್, ಪುಟ. ಈ ಹುಡುಗೀದು," ಮೇಷ್ಟ್ರು ಕಂಬದ ಕಡೆ ಬೆರಳು ಮಾಡಿದರು. "ಐದು ಜನರ ಪುಟದೊಳಗ ತಪ್ಪು ಇತ್ತೇನು? ಹೆಸರು ಒಂದರ ಹೆಚ್ಚು ಕಡಿಮಿ ಆಗಿತ್ತೇನು? ಹೇಳಿದ್ದೆ ನಾ, ಸೀದಾ ಇರೂದು ಕಲಿ ಅಂತ."

ಮಹಾಂತಮ್ಮ ಮುಂದೆ ಬಂದಳು. ಅಳಲಿಲ್ಲ. "ನನ್ನ ಪುಟ ಏನೂ ಹೇಳಂಗಿಲ್ರೀ. ಕೇಳ್ತೈತಿ. ಒತ್ತಿದ ಅಂಕೀನ ತೋರಸ್ತೈತಿ. ಒತ್ತಿದವರು ಅಲ್ಲೇ ಕುಂತಾರ. ಕೇಳ್ರಿ ಅವರ್ನ."

ಎಲ್ಲರೂ ನನ್ನನ್ನು ನೋಡಿದರು. ಇಬ್ಬರಿಗೆ ಸತ್ಯ ಗೊತ್ತಿತ್ತು, ನನಗೆ ಮತ್ತು ಮರಿಬಸಪ್ಪನವರಿಗೆ. ನಾನು ಹೇಳಬೇಕಾದ್ದು ಒಂದೇ ಮಾತು: ಟವೆಲ್ಲಿನ ಕೆಳಗಿನ ಅಂಕಿಯನ್ನು ನಾನು ತಿರುಗಮುರುಗ ಓದಿದೆ. ಹಾಗೆ ಹೇಳಿದ್ದರೆ ಪುಟ ಗೆಲ್ಲುತ್ತಿತ್ತು. ಟವೆಲ್ಲಿನ ಕೆಳಗೆ ಏನು ನಡೆಯುತ್ತದೆಂದು ಅಧಿಕಾರಿ ವಿವರವಾಗಿ ಕೇಳುತ್ತಿದ್ದರು. ಕುರ್ಚಿ ಅವಳದಾಗುತ್ತಿತ್ತು. ಏನು ಹೇಳಲಿ ಎಂದು ಯೋಚಿಸುತ್ತಿದ್ದೇನೆ ಎಂದುಕೊಂಡೆ. ಯೋಚಿಸುತ್ತಿರಲಿಲ್ಲ. ಹೊತ್ತು ಕಳೆಯುವುದನ್ನು ಕಾಯುತ್ತಿದ್ದೆ.

ಹೊತ್ತು ಕಳೆಯಿತು. ಅಧಿಕಾರಿ ಗಡಿಯಾರ ನೋಡಿಕೊಂಡರು. ಊಟಕ್ಕೆ ಹೋಳಿಗೆ ಇದೆಯೆಂದು ಯಾರೋ ಬಂದು ಹೇಳಿದರು. "ಸರಿಪಡಿಸಿಕೊಳ್ಳಿ," ಎಂದು ಅವರು ಎದ್ದರು. ಉದ್ಘಾಟನೆ ಮುಗಿಯಿತು.

ಸಂಜೆ ಮರಿಬಸಪ್ಪ ನನ್ನನ್ನು ಕರೆಸಿದರು. ದಿಂಬಿಗೆ ಒರಗಿ ಎಲೆ ಅಡಿಕೆ ಹಾಕಿಕೊಳ್ಳುತ್ತಿದ್ದರು.

"ನಿನ್ನ ಕೈಗೆ ವ್ಯಾಪಾರ ಗೊತ್ತಿಲ್ಲಪಾ," ಅಂದರು. "ಬಾಯಿಗೆ ಗೊತ್ತೈತಿ. ನಮಗ ಅದ ಬೇಕಾಗಿತ್ತು. ಸೋಮವಾರ ಬಂದು ಕುರ್ಚಿ ಮ್ಯಾಲ ಕುಂದ್ರು."

ನನ್ನ ಮೌನಕ್ಕೆ ಕಡೆಗೂ ಬೆಲೆ ಕಟ್ಟಿದವರು ಸಿಕ್ಕಿದ್ದರು. ಮನೆಯಲ್ಲಿ ತಾಯಿ ತುಪ್ಪದ ದೀಪ ಹಚ್ಚಿದಳು.

ಸೋಮವಾರ ಮಹಾಂತಮ್ಮ ಸರ್ಟಿಫಿಕೇಟು ತೆಗೆದುಕೊಳ್ಳಲು ಬಂದಳು. ಮೇಷ್ಟ್ರು ಅದರಲ್ಲಿ, ನಡತೆ ತೃಪ್ತಿಕರ ಎಂದು ಬರೆದುಕೊಟ್ಟರು. ಕಂಪ್ಯೂಟರಿನ ಬಗ್ಗೆ ಏನೂ ಬರೆಯಲಿಲ್ಲ. ಅವಳು ಕಾಗದವನ್ನು ನಾಲ್ಕಾಗಿ ಮಡಚುತ್ತ ನನ್ನ ಮೇಜಿನ ಹತ್ತಿರ ಬಂದಳು. ಪರದೆಯ ಮೇಲೆ ನನ್ನ ಹೆಸರುಗಳ ಪುಟ ನಿಂತಿತ್ತು.

"ಹೆಂಗೈತಿ ಕುರ್ಚಿ?"

ನಾನು ಗುಂಡಿಗಳ ಮೇಲಿನ ಧೂಳು ಒರೆಸತೊಡಗಿದೆ.

"ಮಾತಾಡಬ್ಯಾಡ ಬಿಡು, ಕೆಲಸ ಹೋದೀತು," ಅಂದಳು. ಆಮೇಲೆ, ಸಿಟ್ಟಿಲ್ಲದೆ, ಪಾಠ ಒಪ್ಪಿಸುವವಳ ಹಾಗೆ ಹೇಳಿದಳು. "ಹತ್ತಕ್ಕೂ ಇಪ್ಪತ್ತಕ್ಕೂ ನಡುವ ಒಂಬತ್ತು ಖಾಲಿ ಸಾಲು ಇರ್ತಾವ ಪ್ರಹ್ಲಾದಣ್ಣ. ನೆಪ್ಪಿಟ್ಕ."

ನೆನಪಿಟ್ಟುಕೊಂಡೆ. ಆ ಖಾಲಿ ಸಾಲನ್ನು ಬಳಸಿದೆ ಕೂಡ. ಎರಡು ವಾರದ ನಂತರ ಕೂಟಕ್ಕೆ ಬಜಾರಪ್ಪ ಹೊಸ ಸದಸ್ಯನಾದ. ಅವನ ಹೆಸರು ಪುಟದಲ್ಲಿ ಮಾವನ ಹೆಸರಿನ ಪಕ್ಕದಲ್ಲೇ ಬರಬೇಕೆಂದು ಆಜ್ಞೆಯಾಯಿತು. ಹದಿನೈದು ಎಂದು ಬರೆದು ಅವನನ್ನು ಸೇರಿಸಿದೆ. ಸರಿಯಾಗಿ ಕೂತ. ಅವಳು ಹೇಳಿದ್ದು ನಿಜ, ಅದು ತಪ್ಪು ಮಾಡಿದವರಿಗೆಂದು ಬಿಟ್ಟ ಜಾಗ.

ಶ್ರಾವಣದಲ್ಲಿ ಅವಳ ಮದುವೆಯಾಯಿತೆಂದು ಬಸ್ ಕಂಡಕ್ಟರೊಬ್ಬ ಹೇಳಿದ. ಬೆಳಗಲ್‌ನ ಗಂಡನ ಮನೆಯಲ್ಲಿ ಮಗ್ಗವಿಲ್ಲ, ಆದರೂ ಅವಳು ಅಪ್ಪನಿಗೆ ಚೌಕುಳಿ ಕಾಗದದ ಮೇಲೆ ಚಿತ್ತಾರ ಬರೆದು ಬಸ್ಸಿನಲ್ಲಿ ಕಳಿಸುತ್ತ ಇರುತ್ತಾಳೆಂದೂ ಹೇಳಿದ.

ದೀಪಾವಳಿಗೆ ಕೂಟದ ಸದಸ್ಯರೆಲ್ಲರಿಗೂ ಒಂದೇ ಬಗೆಯ ಟವೆಲ್ಲು ಹಂಚಬೇಕೆಂದು ಮರಿಬಸಪ್ಪ ನಿಶ್ಚಯಿಸಿದರು. ಅಂಗಡಿಯವನ ಮೂಲಕ ಎಮ್ಮಿಗನೂರಿಗೆ ಹೇಳಿಕಳಿಸಿದರು. ಕಟ್ಟು ಬಂತು. ಬಿಳಿ ಟವೆಲ್ಲು, ಉದ್ದಕ್ಕೂ ಒಂದು ಬದಿಗೆ ನೀಲಿ ಚೌಕಗಳ ಅಗಲವಾದ ಅಂಚು. ಕಟ್ಟಿನ ಚೀಟಿಯ ಮೇಲೆ ನೇಕಾರ ಮಲ್ಲಯ್ಯ ಎಂದಿತ್ತು.

"ಏನ್ ಡಿಜೈನಪ್ಪಾ ಇದು! ಹೊಸಾ ನಮೂನಿ," ಎಂದು ಮರಿಬಸಪ್ಪ ಹೆಗಲ ಮೇಲೆ ಹಾಕಿಕೊಂಡು ನೋಡಿಕೊಂಡರು. ಹೆಗಲ ಮೇಲೆ ಅದು ಬರೀ ಚೌಕಗಳೇ. ಉಳಿದ ಮೂವತ್ತೆರಡು ಜನರೂ ಅಂದಿನಿಂದಲೇ ಹಾಕಿಕೊಂಡರು. ಮಖಮಲ್ಲನ್ನು ಇಲಿ ಕಡಿದಿತ್ತು, ಹೆಚ್ಚಾಗಿ ಬಂದಿದ್ದ ಒಂದು ಟವೆಲ್ಲನ್ನು ಟೀವಿಗೆ ಹೊದಿಸೆಂದು ನನಗೆ ಕೊಟ್ಟರು.

ಅಡ್ಡಲಾಗಿ ಹೊದಿಸಿದೆ. ಅಂಚು ಪರದೆಯ ಮೇಲೆ ನೇರವಾಗಿ ಇಳಿಯಿತು. ಆಗ ಚೌಕಗಳು ಒಂದಕ್ಕೊಂದು ಸೇರಿಕೊಂಡವು. ಐದು. ನಾಲ್ಕು. ಸೊನ್ನೆ. ಮತ್ತೆ ಐದು, ನಾಲ್ಕು, ಸೊನ್ನೆ. ಸುತ್ತ ಅದೇ ಸಣ್ಣ ಅಂಚು.

ಹೊರಗೆ ಅಂಗಳದಲ್ಲಿ ವ್ಯಾಪಾರ ಶುರುವಾಗಿತ್ತು. ಮೂವತ್ತೆರಡು ಟವೆಲ್ಲುಗಳು ಹೆಗಲಿನಿಂದ ಇಳಿದು, ಅಡ್ಡಲಾಗಿ, ವ್ಯಾಪಾರಿಯ ಕೈಗೂ ರೈತನ ಕೈಗೂ ನಡುವೆ ಹರಡಿಕೊಂಡವು. ವ್ಯಾಪಾರಿಯ ಕಡೆಯಿಂದ ಅದು ತಲೆಕೆಳಗು. ರೈತನ ಕಡೆಯಿಂದ ಸರಿಯಾಗಿ ಕಾಣುತ್ತಿತ್ತು. ಮೊದಲು ನಕ್ಕವನು ಯರ್ರೆಪ್ಪ. ಆಮೇಲೆ ಅವನ ಪಕ್ಕದವನು. ನಗು ಗಾಡಿಯಿಂದ ಗಾಡಿಗೆ ಹೋಯಿತು. ಯಾರೂ ಏನನ್ನೂ ಬಾಯಿಬಿಟ್ಟು ಹೇಳಲಿಲ್ಲ. ಆದರೆ ಟವೆಲ್ಲಿನ ಕೆಳಗಿಂದ ರೈತರ ಒಂದೊಂದೇ ಕೈ ಹಿಂದಕ್ಕೆ ಸರಿಯತೊಡಗಿತು.

ಮರಿಬಸಪ್ಪ ವರಾಂಡಕ್ಕೆ ಬಂದರು. "ಯಾಕಲೇ ಪ್ರಹ್ಲಾದ, ಏನ್ ಕಂಡು ನಗ್ತಾರ ಇವರು? ಪರದಿ ಮ್ಯಾಲ ಏನರ ಬಿಟ್ಟೀಯೇನು?"

ಅವರ ಹೆಗಲ ಮೇಲಿನ ಅಂಚನ್ನು ನೋಡಿದೆ. ಟೀವಿಯ ಮೇಲಿನ ಅಂಚನ್ನು ನೋಡಿದೆ. ಅಂಗಳದ ನಡುವಿನಿಂದ ಯರ್ರೆಪ್ಪ ನನ್ನನ್ನೇ ನೋಡುತ್ತಿದ್ದ.

"ಪುಟ ಮುಚ್ಚಿ ಇಟ್ಟೀನ್ರಿ," ಅಂದೆ.